ಹೇಟೆ ಕಟ್ಟಿಕೊಟ್ಟ ಬುತ್ತಿ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಸುತ್ತಿನ ಹಳ್ಳಿಗಳಲ್ಲಿ ಅಡಿಕೆ ತೋಟವಿಲ್ಲದ ಮನೆ ಇದ್ದೀತು, ಕೋಳಿ ಇಲ್ಲದ ಹಿತ್ತಿಲು ಕಡಿಮೆ. ಮಕ್ಕಳ ನೋಟ್ ಪುಸ್ತಕಕ್ಕೋ ಹಬ್ಬದ ಬಟ್ಟೆಗೋ ಹಣ ಬೇಕಾದಾಗ ಸಂತೆಗೆ ಹೋಗುವುದು ಆ ಕೋಳಿಯೇ. ಆದ್ದರಿಂದ ಎಂಟನೇ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆ ಎದ್ದು ಕೇಳಿದ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ.

"ಸಾರ್, ಒಂದೇ ಹೇಟೆ ಕಾವು ಕೊಟ್ಟ ಮರಿಗಳು. ಒಂದೇ ಮಂಕರಿಯಲ್ಲಿ ಮಲಗುತ್ತಿದ್ದವು. ಬೋಳುಗತ್ತಿನವು ಸತ್ತವು, ಕೆಂಚು ಮರಿಗಳು ಉಳಿದವು. ಯಾಕೆ?"

ವಿಚಾರಿಸಿದಾಗ ಸಂಗತಿ ತಿಳಿಯಿತು. ಕಾವಿಗೆ ಇಟ್ಟ ಮೊಟ್ಟೆಗಳು ಎರಡು ಹೇಟೆಗಳವು. ಕೆಂಚು ಹೇಟೆ ಮನೆಯದು. ಅದಕ್ಕೆ ಪಶು ಆಸ್ಪತ್ರೆಯವರು ಕೊಕ್ಕರೆ ರೋಗದ ಲಸಿಕೆ ಹಾಕಿದ್ದರು. ಬೋಳುಗತ್ತಿನ ಹೇಟೆ ಆಮೇಲೆ ಸಂತೆಯಿಂದ ಬಂದದ್ದು. ಅದಕ್ಕೆ ಲಸಿಕೆ ಬಿದ್ದಿರಲಿಲ್ಲ. ಮರಿಗಳು ಎರಡು ವಾರದವಿದ್ದಾಗ ಊರಿಗೆ ರೋಗ ಬಂತು.

ಒಂದು ಮಂಕರಿಯ ಮರಿಗಳಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ಹುಡುಗಿ ಕಂಡದ್ದಕ್ಕೆ ವಿಜ್ಞಾನದಲ್ಲಿ ಬಹಳ ಹಿಂದಿನ ಆಧಾರವಿದೆ. ಜರ್ಮನಿಯ ಫೆಲಿಕ್ಸ್ ಕ್ಲೆಂಪರರ್ 1893ರಲ್ಲಿ ಕೋಳಿಗಳಿಗೆ ಧನುರ್ವಾಯು ವಿಷದ ವಿರುದ್ಧ ನಿರೋಧಶಕ್ತಿ ಬರುವಂತೆ ಮಾಡಿ, ಆ ಶಕ್ತಿ ಮೊಟ್ಟೆಯ ಹಳದಿ ಲೋಳೆಗೂ ಹೋಗುತ್ತದೆಂದು ತೋರಿಸಿದ್ದ.

ಮೊಟ್ಟೆಯೊಳಗಿನ ರಕ್ಷಣೆ

ರೋಗ ಬಂದು ಬದುಕಿದ ಅಥವಾ ಲಸಿಕೆ ಪಡೆದ ಕೋಳಿಯ ರಕ್ತದಲ್ಲಿ ಆ ರೋಗಾಣುವನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳೆಂಬ ಪ್ರೋಟೀನುಗಳು ಇರುತ್ತವೆ. ಮೊಟ್ಟೆ ಇಡುವ ಮುಂಚಿನ ದಿನಗಳಲ್ಲಿ ಅಂಡಾಶಯದಲ್ಲಿ ಹಳದಿ ಲೋಳೆ ಬೆಳೆಯುವಾಗ, ತಾಯಿ ತನ್ನ ರಕ್ತದಿಂದ ಈ ಪ್ರತಿಕಾಯಗಳನ್ನು ಅದರೊಳಗೆ ಸೇರಿಸುತ್ತದೆ. 21 ದಿನಗಳ ಕಾವಿನ ಕೊನೆಯ ದಿನಗಳಲ್ಲಿ ಅವು ಹೆಚ್ಚಾಗಿ ಮರಿಯ ರಕ್ತಕ್ಕೆ ಸೇರುತ್ತವೆ. ಉಳಿದ ಹಳದಿ ಚೀಲವನ್ನು ಮರಿ ಹೊಟ್ಟೆಯೊಳಕ್ಕೆ ಎಳೆದುಕೊಂಡೇ ಹೊರಬರುತ್ತದೆ. ತವರಿನಿಂದ ಹೊರಟ ಮಗಳಿಗೆ ಕಟ್ಟಿಕೊಟ್ಟ ಬುತ್ತಿಯಂತೆ!

ಹಸುವಿನ ಕರುವಿಗೆ ಈ ಬುತ್ತಿ ಸಿಗುವುದು ಗಿಣ್ಣು ಹಾಲಿನಲ್ಲಿ. ನಮ್ಮ ಶಿಶುವಿಗೆ ತಾಯಿಯ ಗರ್ಭದಲ್ಲೇ, ಮಾಸಿನ ಮೂಲಕ ಸಿಗುತ್ತದೆ. ಕೋಳಿಗೆ ಹಾಲೂ ಇಲ್ಲ, ಮಾಸೂ ಇಲ್ಲ. ಕೊಡುವುದನ್ನೆಲ್ಲ ಮೊಟ್ಟೆಯಲ್ಲೇ ಇಟ್ಟು ಕಳಿಸಬೇಕು. ಹೀಗಾಗಿ ಮರಿಗೆ ಈ ರಕ್ಷಣೆ ಬರುವುದು ಮೊಟ್ಟೆ ಇಟ್ಟ ಹೇಟೆಯಿಂದ, ಕಾವು ಕೊಟ್ಟ ಹೇಟೆಯಿಂದಲ್ಲ. ಹುಡುಗಿಯ ಒಗಟು ಬಿಡಿಸುವ ಕೀಲಿ ಇದೇ.

ಬುತ್ತಿ ಮುಗಿದ ಮೇಲೆ?

"ಹಾಗಾದರೆ ಉಳಿದ ಮರಿಗಳು ಗಟ್ಟಿ, ಅವಕ್ಕೆ ಲಸಿಕೆ ಬೇಡ ಅಂತಾಳೆ ಅಜ್ಜಿ" ಎಂದಳು ಹುಡುಗಿ. ಎಚ್ಚರ ಬೇಕಾದದ್ದು ಇಲ್ಲಿಯೇ. ತಾಯಿ ಕೊಟ್ಟದ್ದು ಪ್ರತಿಕಾಯಗಳನ್ನು ಮಾತ್ರ, ಅವನ್ನು ತಯಾರಿಸುವ ವಿದ್ಯೆಯನ್ನಲ್ಲ. ಕೊಕ್ಕರೆ ರೋಗದ ಪ್ರತಿಕಾಯಗಳು ಮರಿಯ ರಕ್ತದಲ್ಲಿ ಸುಮಾರು ನಾಲ್ಕೈದು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತವೆ. ಎರಡು ಮೂರು ವಾರಗಳಲ್ಲಿ ಬುತ್ತಿ ಬರಿದಾಗುತ್ತದೆ.

ಅಷ್ಟರಲ್ಲಿ ಮರಿ ತನ್ನದೇ ಸೈನ್ಯ ಕಟ್ಟಬೇಕು. ಅದರ ತರಬೇತಿ ಶಾಲೆ ಮಲದ್ವಾರದ ಬಳಿ ಇರುವ ಫ್ಯಾಬ್ರಿಷಿಯಸ್ ಚೀಲ. ಅಮೆರಿಕದ ಓಹಿಯೋದಲ್ಲಿ ಬ್ರೂಸ್ ಗ್ಲಿಕ್ ಈ ಚೀಲವನ್ನು ತೆಗೆದು ಸಾಕಿದ ಕೋಳಿಗಳನ್ನು ಸಹಪಾಠಿಯೊಬ್ಬರು ತರಗತಿಯ ಪ್ರಯೋಗಕ್ಕೆ ಬಳಸಿದರು. ಅವುಗಳಲ್ಲಿ ಪ್ರತಿಕಾಯಗಳೇ ಹುಟ್ಟಲಿಲ್ಲ! ಕೆಟ್ಟುಹೋದಂತೆ ಕಂಡ ಆ ಪ್ರಯೋಗದಿಂದ 1956ರಲ್ಲಿ ದೊಡ್ಡ ಶೋಧವೊಂದು ಪ್ರಕಟವಾಯಿತು. ನಮ್ಮ ದೇಹದಲ್ಲಿಯೂ ಪ್ರತಿಕಾಯ ತಯಾರಿಸುವ ಕಣಗಳಿಗೆ 'ಬಿ' ಕಣಗಳೆಂಬ ಹೆಸರು ಬಂದದ್ದು ಈ ಚೀಲದ ಇಂಗ್ಲಿಷ್ ಹೆಸರಿನ ಮೊದಲಕ್ಷರದಿಂದ.

ಇನ್ನೊಂದು ತೊಡಕಿದೆ. ಹನಿಯಾಗಿ ಹಾಕುವ ಲಸಿಕೆಯಲ್ಲಿರುವುದು ಬಲ ಕುಂದಿದ ಜೀವಂತ ವೈರಸ್. ತಾಯಿಯ ಪ್ರತಿಕಾಯಗಳಿಗೆ ಶತ್ರು ಯಾರು, ಲಸಿಕೆ ಯಾವುದು ಎಂಬ ಭೇದ ತಿಳಿಯದು. ಲಸಿಕೆಯನ್ನೂ ಹಿಡಿದು ಸುಮ್ಮನಾಗಿಸುತ್ತವೆ. ತೀರ ಬೇಗ ಹಾಕಿದರೆ ಲಸಿಕೆಯ ಫಲ ಕುಗ್ಗುತ್ತದೆ, ತಡ ಮಾಡಿದರೆ ರೋಗ ಮುಂದಾಗುತ್ತದೆ. ಆದ್ದರಿಂದಲೇ ಮೊದಲ ವಾರದ ಕೊನೆಗೆ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರದಲ್ಲಿ ಮತ್ತೊಮ್ಮೆ, 8ರಿಂದ 10 ವಾರಗಳಲ್ಲಿ ಚುಚ್ಚುಮದ್ದು ಎಂಬ ಕ್ರಮ ರೂಢಿಯಲ್ಲಿದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಬಹಳ ಹಿಂದೆ ನನ್ನ ಮನೆಯ ಮರಿಗಳಿಗೆ ಮೊದಲ ಹನಿ ಹಾಕಿಸಿ, ಕೆಲಸ ಮುಗಿಯಿತೆಂದು ಕೂತೆ. ಮೂರನೇ ತಿಂಗಳಲ್ಲಿ ಒಂದೊಂದಾಗಿ ಜೋತುಬಿದ್ದು, ಹಸಿರು ಭೇದಿಯಾಗಿ, ಕತ್ತು ತಿರುಚಿ ಸತ್ತವು. ವಿಜ್ಞಾನದ ಮೇಷ್ಟ್ರ ಹಿತ್ತಿಲೇ ಖಾಲಿಯಾಯಿತು.

ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆಯಾಗಿ ಆರಂಭವಾದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಈ ರೋಗಕ್ಕೂ ಲಸಿಕೆ ತಯಾರಿಸುತ್ತಾ ಬಂದಿದೆ. ಒಂದು ಸೀಸೆಯಲ್ಲಿ ಹಲವು ಕೋಳಿಗಳಿಗಾಗುವಷ್ಟು ಲಸಿಕೆ ಇರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಬೇಗ ಮುಗಿಸಬೇಕು. ಹೀಗಾಗಿ ಓಣಿಯವರೆಲ್ಲ ಒಂದೇ ದಿನ ಹಾಕಿಸುವುದು ಜಾಣತನ. ಹೇಟೆಗೂ ಮರೆಯದೆ ಹಾಕಿಸಿ. ಮುಂದಿನ ಮರಿಗಳ ಬುತ್ತಿ ಅಲ್ಲಿಂದಲೇ ಬರಬೇಕು.

ಪೋಷಕರೇ, ನಿಮ್ಮ ಮಗುವಿನ ಲಸಿಕೆ ಕಾರ್ಡನ್ನೊಮ್ಮೆ ತೆಗೆದು ನೋಡಿ. ಗರ್ಭಿಣಿಗೆ ಧನುರ್ವಾಯು ಚುಚ್ಚುಮದ್ದು ಕೊಡುವುದು ಹುಟ್ಟುವ ಕೂಸನ್ನೂ ಕಾಯಲಿ ಎಂದು. ದಡಾರ ಲಸಿಕೆಗೆ 9 ತಿಂಗಳು ತುಂಬುವವರೆಗೆ ಕಾಯುವುದು ತಾಯಿಯ ಪ್ರತಿಕಾಯಗಳು ಅಷ್ಟರಲ್ಲಿ ಇಳಿದಿರುತ್ತವೆ ಎಂದು. ಕಾರ್ಡಿನ ತಾರೀಖುಗಳ ಹಿಂದೆ ಇಂಥ ಲೆಕ್ಕವಿದೆ.

ಆ ಹುಡುಗಿ ಅಜ್ಜಿಯನ್ನು ಒಪ್ಪಿಸಿ, ಉಳಿದ ಕೆಂಚು ಮರಿಗಳನ್ನು ಮಂಕರಿಯಲ್ಲಿ ಹೊತ್ತು ಪಶು ಆಸ್ಪತ್ರೆಗೆ ಹೋದಳು. ಮರುದಿನ ತರಗತಿಯಲ್ಲಿ ಅವಳೇ ಎದ್ದು ಹೇಳಿದಳು: "ಸಾರ್, ಸಂತೆಯ ಹೇಟೆಗೂ ಹಾಕಿಸಿದೆ."