ಬೊಜ್ಜಿನ ಶಸ್ತ್ರಚಿಕಿತ್ಸೆ: ದಿನಾಂಕ ಗೊತ್ತುಮಾಡುವ ಮೊದಲು ಜೊತೆಗಾರರನ್ನು ಗೊತ್ತುಮಾಡಿರಿ



ಕಳೆದ ಶ್ರಾವಣದಲ್ಲಿ ಶ್ರೀಮಠದ ಪ್ರವಚನ ಮುಗಿದು ಭಕ್ತರೆಲ್ಲ ದಾಸೋಹದ ಮನೆಯತ್ತ ಹೊರಟಿದ್ದಾಗ ತಾಯಿಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಮೆಲುದನಿಯಲ್ಲಿ ಕೇಳಿದರು: "ಡಾಕ್ಟರ್ ಸಾಹೇಬ್ರ, ಮುಂದಿನ ತಿಂಗಳು ಬೊಜ್ಜಿನ ಆಪರೇಷನ್ ಮಾಡಿಸ್ಕೋಬೇಕಂತ ಮಾಡೇನ್ರಿ. ಮನ್ಯಾಗ ಯಾರಿಗೂ ಹೇಳಿಲ್ಲ. ಹರ್ನಿಯಾ ಅಂತ ಹೇಳಿದ್ರಾತು ಅನ್ಕೊಂಡೇನಿ. ತಪ್ಪಾಗತೈತೇನ್ರಿ?"

ಆ ತಾಯಿಗೆ 42 ವರ್ಷ. ಎತ್ತರ 156 ಸೆಂಟಿಮೀಟರ್, ತೂಕ 112 ಕಿಲೋ. ಮಧುಮೇಹ, ಮೊಣಕಾಲು ನೋವು, ರಾತ್ರಿ ಗೊರಕೆ. ಆರು ವರ್ಷಗಳಿಂದ ನಮ್ಮ ಬಳಿಯೇ ಚಿಕಿತ್ಸೆ ಪಡೆಯುತ್ತಿದ್ದವರು. ಆರು ವರ್ಷವೂ ನಾವು ಗುಗ್ಗುಲು, ತ್ರಿಫಲಾ ಕೊಟ್ಟು "ನಡೆಯಿರಿ, ಊಟ ಕಡಿಮೆ ಮಾಡಿರಿ" ಎನ್ನುತ್ತಲೇ ಬಂದಿದ್ದೆವು. ಅವರು ನಡೆದಿದ್ದರು, ಊಟವನ್ನೂ ಕಡಿಮೆ ಮಾಡಿದ್ದರು. ಪ್ರತಿಸಲವೂ ಐದಾರು ಕಿಲೋ ಇಳಿದು ಎಂಟು ಕಿಲೋ ಏರುತ್ತಿತ್ತು. ಶಸ್ತ್ರಚಿಕಿತ್ಸಕರನ್ನು ಒಮ್ಮೆ ಕಾಣಿರಿ ಎಂಬ ಮಾತನ್ನು ನಾವೇ ಮೂರು ವರ್ಷ ಮೊದಲು ಹೇಳಬೇಕಾಗಿತ್ತು. ಹೇಳಲಿಲ್ಲ. ಆ ತಪ್ಪು ನಮ್ಮದು. ಅವರ ಒಪ್ಪಿಗೆ ಪಡೆದೇ, ಗುರುತು ಮರೆಮಾಡಿ, ಈ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಅವರ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟೇ: "ತಾಯಿ, ಆಪರೇಷನ್ ಮಾಡಿಸಿಕೊಳ್ಳುವುದು ತಪ್ಪಲ್ಲ. ಗುಟ್ಟಾಗಿ ಮಾಡಿಸಿಕೊಳ್ಳುವುದು ಅಪಾಯ." ಹೀಗೆ ಹೇಳಲು ಕಾರಣವಿದೆ.

ಗುಟ್ಟಿನಿಂದಾದ ಹಾನಿ

ಕೆಲವು ವರ್ಷಗಳ ಹಿಂದೆ ವ್ಯಾಪಾರಿಯೊಬ್ಬರು ಕೈಕಾಲು ಜೋಮು ಹಿಡಿಯುತ್ತದೆ, ನಡೆಯುವಾಗ ತೂಗಾಡಿದಂತಾಗುತ್ತದೆ ಎಂದು ನಮ್ಮಲ್ಲಿಗೆ ಬಂದರು. ವಾತವ್ಯಾಧಿಯೆಂದು ಭಾವಿಸಿ ಎರಡು ತಿಂಗಳು ತೈಲಾಭ್ಯಂಗ ಮಾಡಿಸಿದೆವು. ಗುಣ ಕಾಣಲಿಲ್ಲ. ರಕ್ತಪರೀಕ್ಷೆ ಮಾಡಿಸಿದಾಗ ಬಿ12 ಜೀವಸತ್ವ ತೀರ ಕೆಳಗಿಳಿದಿತ್ತು. ಒತ್ತಾಯಿಸಿ ಕೇಳಿದ ಮೇಲೆ, ಎರಡು ವರ್ಷಗಳ ಹಿಂದೆ ದೂರದ ಊರಿನಲ್ಲಿ ಜಠರದ ಬೈಪಾಸ್ ಮಾಡಿಸಿಕೊಂಡಿದ್ದನ್ನು ಹೇಳಿದರು. ಮನೆಯವರಿಗೆ ಹರ್ನಿಯಾ ಎಂದಿದ್ದರು. ದಿನವೂ ಮಾತ್ರೆ ನುಂಗಿದರೆ ಹೆಂಡತಿ "ಏತಕ್ಕೆ?" ಎಂದು ಕೇಳುವರೆಂದು ಜೀವಸತ್ವದ ಮಾತ್ರೆಗಳನ್ನೇ ಬಿಟ್ಟಿದ್ದರು. ಚುಚ್ಚುಮದ್ದಿನಿಂದ ಬಹಳಷ್ಟು ಸುಧಾರಿಸಿದರೂ ಪಾದದ ಜೋಮು ಪೂರ್ತಿ ಹೋಗಲಿಲ್ಲ. ಶಸ್ತ್ರಚಿಕಿತ್ಸಕರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದರು. ಅದನ್ನು ಕೆಡಿಸಿದ್ದು ಗುಟ್ಟು.

ನಾಚಿಕೆಗೆ ಆಧಾರವಿಲ್ಲ

ಜನರು ಈ ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡುವುದಕ್ಕೆ ನಾಚಿಕೆಯೇ ಕಾರಣ. ಬೊಜ್ಜೆಂದರೆ ಬಾಯಿಚಪಲ, ಸೋಮಾರಿತನ ಎಂದು ಸಮಾಜ ತೀರ್ಮಾನಿಸಿಬಿಟ್ಟಿದೆ. ನಮ್ಮ ಶಾಸ್ತ್ರ ಹಾಗೆನ್ನುವುದಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೌಲ್ಯದ ಕಾರಣಗಳನ್ನು ಹೇಳುವಾಗ ಅತಿಯಾದ ಆಹಾರ, ಹಗಲುನಿದ್ರೆಗಳ ಜೊತೆಗೆ ಬೀಜಸ್ವಭಾವವನ್ನೂ, ಅಂದರೆ ತಂದೆತಾಯಿಗಳಿಂದ ಬಂದ ಗುಣವನ್ನೂ ಎಣಿಸಲಾಗಿದೆ. ಅತಿ ಕೃಶನಿಗಿಂತ ಅತಿ ಸ್ಥೂಲನ ಚಿಕಿತ್ಸೆಯೇ ಕಷ್ಟವೆಂದೂ ಅಲ್ಲಿ ಒಪ್ಪಿಕೊಂಡಿದೆ. ಇಂದಿನ ವಿಜ್ಞಾನವು ಅದಕ್ಕೆ ವಿವರ ಒದಗಿಸಿದೆ. ತೂಕ ಇಳಿದೊಡನೆ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ದೇಹವು ಶಕ್ತಿಯ ವ್ಯಯವನ್ನು ತಗ್ಗಿಸುತ್ತದೆ. ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ದೇಹವೇ ಹೋರಾಡುತ್ತದೆ. ಆದುದರಿಂದ ಅಂಥವರನ್ನು ಹಳಿಯುವುದು ಅನ್ಯಾಯ.

ಯಾರಿಗೆ? ಏನು ಮಾಡುತ್ತಾರೆ?

ಕಿಲೋದಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ ದೊರೆಯುತ್ತದೆ. ಆ ತಾಯಿಯ ಸೂಚ್ಯಂಕ 46. ಭಾರತೀಯರಲ್ಲಿ 25 ದಾಟಿದರೆ ಬೊಜ್ಜು ಎನ್ನುತ್ತಾರೆ. 2022ರಲ್ಲಿ ಈ ಕ್ಷೇತ್ರದ ಎರಡು ಪ್ರಮುಖ ವೈದ್ಯಕೀಯ ಸಂಘಗಳು ಪರಿಷ್ಕರಿಸಿದ ಮಾರ್ಗಸೂಚಿಯಂತೆ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಇಲ್ಲದಿರಲಿ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು. ಏಷ್ಯಾದ ಜನರಲ್ಲಿ 27.5ರಿಂದಲೇ ಆ ಆಯ್ಕೆಯನ್ನು ಮುಂದಿಡಬಹುದೆಂದು ಅದು ಹೇಳುತ್ತದೆ. ಆದರೆ ಸೂಚ್ಯಂಕವೊಂದೇ ನಿರ್ಣಾಯಕವಲ್ಲ. ವಯಸ್ಸು, ಇತರ ಕಾಯಿಲೆ, ಮನಸ್ಸಿನ ಸ್ಥಿತಿ, ಮುಂದಿನ ಶಿಸ್ತು ಇವೆಲ್ಲವನ್ನೂ ತೂಗಿ ನೋಡಬೇಕು.

ಹೆಚ್ಚಾಗಿ ಮಾಡುವ ವಿಧಾನಗಳು ಎರಡು. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು ಬಾಳೆಕಾಯಿಯಂತಹ ಕಿರಿದಾದ ಕೊಳವೆಯನ್ನು ಉಳಿಸುತ್ತಾರೆ. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲಿಯೂ ಸಣ್ಣ ರಂಧ್ರಗಳ ಮೂಲಕವೇ ಕೆಲಸ ಮುಗಿಯುತ್ತದೆ. ರಕ್ತಸ್ರಾವ, ಹೊಲಿಗೆಯ ಸೋರಿಕೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಇವು ವಿರಳವಾದರೂ ನಿಜವಾದ ಅಪಾಯಗಳು. ಇವನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ದೇಹದ ಸಿದ್ಧತೆ

ರಕ್ತಹೀನತೆ, ಸಕ್ಕರೆಯ ಮೂರು ತಿಂಗಳ ಸರಾಸರಿ, ಥೈರಾಯ್ಡ್, ಬಿ12, ಡಿ ಜೀವಸತ್ವ, ಹೃದಯ, ಯಕೃತ್ತು, ಪಿತ್ತಕೋಶ ಇವುಗಳ ಪರೀಕ್ಷೆ ಸಾಮಾನ್ಯ. ಎಂಡೋಸ್ಕೋಪಿಯನ್ನೂ ಅನೇಕರು ಮಾಡಿಸುತ್ತಾರೆ. ಜೋರು ಗೊರಕೆಯುಳ್ಳವರು ನಿದ್ರಾಪರೀಕ್ಷೆಯನ್ನು ತಪ್ಪಿಸಬಾರದು. ನಿದ್ರೆಯಲ್ಲಿ ಉಸಿರು ನಿಂತುನಿಂತು ಬರುವ ದೋಷವಿದ್ದರೆ ಅರಿವಳಿಕೆ ಕೊಡುವವರಿಗೆ ಅದು ಮೊದಲೇ ತಿಳಿದಿರಬೇಕು. ತಂಬಾಕು, ಗುಟ್ಕಾ, ಬೀಡಿಗಳನ್ನು ಕನಿಷ್ಠ ಆರು ವಾರ ಮೊದಲೇ ಬಿಡಬೇಕು, ಮತ್ತೆ ಹಿಡಿಯಬಾರದು. ಹೆರುವ ವಯಸ್ಸಿನ ಹೆಣ್ಣುಮಕ್ಕಳು ಶಸ್ತ್ರಚಿಕಿತ್ಸೆಯ ನಂತರ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕಾಗುವುದರಿಂದ ಈ ವಿಚಾರವನ್ನು ದಂಪತಿಗಳು ಕೂಡಿ ನಿರ್ಧರಿಸಬೇಕು.

ಶಸ್ತ್ರಚಿಕಿತ್ಸೆಗೆ ಮೊದಲಿನ ಸುಮಾರು ಎರಡು ವಾರ ಅನ್ನ, ರೊಟ್ಟಿ, ಸಿಹಿಗಳನ್ನು ಬಹಳ ಕಡಿಮೆ ಮಾಡಿ ದಿನಕ್ಕೆ 800ರಿಂದ 1000 ಕ್ಯಾಲೊರಿಯ ಪಥ್ಯವನ್ನು ಹೇಳುತ್ತಾರೆ. ಕೊಬ್ಬು ತುಂಬಿ ಊದಿದ ಯಕೃತ್ತು ಇದರಿಂದ ಕುಗ್ಗುತ್ತದೆ. ಜಠರವು ಯಕೃತ್ತಿನ ಕೆಳಗೆ ಇರುವುದರಿಂದ ಶಸ್ತ್ರಚಿಕಿತ್ಸಕರಿಗೆ ಕೆಲಸ ಮಾಡಲು ಜಾಗ ದೊರೆಯುತ್ತದೆ. ಈ ಅವಧಿಯಲ್ಲಿ ಮಧುಮೇಹದ ಔಷಧಿಗಳ ಪ್ರಮಾಣವನ್ನು ವೈದ್ಯರಿಂದ ತಗ್ಗಿಸಿಕೊಳ್ಳದಿದ್ದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಕೆಲವು ಮಧುಮೇಹದ ಮಾತ್ರೆಗಳನ್ನು ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಆದುದರಿಂದ ನೀವು ತೆಗೆದುಕೊಳ್ಳುವ ಎಲ್ಲ ಔಷಧಿಗಳ ಪಟ್ಟಿ ಕೈಯಲ್ಲಿರಲಿ.

ಆ ಪಟ್ಟಿಯಲ್ಲಿ ನಮ್ಮ ಔಷಧಿಗಳೂ ಇರಬೇಕು. "ಆಯುರ್ವೇದವಲ್ಲವೆ, ಹೇಳುವ ಅಗತ್ಯವಿಲ್ಲ" ಎಂಬುದು ತಪ್ಪು ತಿಳಿವಳಿಕೆ. ಗುಗ್ಗುಲು, ಹೆಚ್ಚು ಪ್ರಮಾಣದ ಬೆಳ್ಳುಳ್ಳಿ, ಶುಂಠಿಗಳ ಔಷಧಿಗಳಿಂದ ರಕ್ತಸ್ರಾವ ಹೆಚ್ಚುವ ಸಾಧ್ಯತೆಯಿದೆ. ಅಶ್ವಗಂಧವು ಮಂಪರನ್ನು ಹೆಚ್ಚಿಸಬಹುದು. ಯಷ್ಟಿಮಧುವು ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಇಳಿಸಬಹುದು. ಸಾಮಾನ್ಯವಾಗಿ ಎರಡು ವಾರ ಮೊದಲೇ ಇವುಗಳನ್ನು ನಿಲ್ಲಿಸುವುದು ಕ್ಷೇಮ. ಆ ತಾಯಿಗೆ ಕೊಡುತ್ತಿದ್ದ ಗುಗ್ಗುಲುವನ್ನು ನಾವೇ ನಿಲ್ಲಿಸಿದೆವು.

ತಟ್ಟೆಯ ಸಿದ್ಧತೆ

ಹೊಸ ಊಟದ ಅಭ್ಯಾಸವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಆರಂಭಿಸಬೇಕು. ತುತ್ತನ್ನು ನುಣ್ಣಗಾಗುವವರೆಗೆ ಅಗಿಯುವುದು, ಅರ್ಧ ಗಂಟೆ ಕುಳಿತು ನಿಧಾನವಾಗಿ ಉಣ್ಣುವುದು, ಊಟದ ನಡುವೆ ನೀರು ಕುಡಿಯದೆ ಅರ್ಧ ಗಂಟೆಯ ಅಂತರವಿಟ್ಟು ಗುಟುಕುಗುಟುಕಾಗಿ ಕುಡಿಯುವುದು ಇವು ಮುಖ್ಯ. ನಂತರದ ದಿನಗಳಲ್ಲಿ ಮೊದಲು ದ್ರವ, ಆಮೇಲೆ ಮೆತ್ತನೆಯ ಆಹಾರ, ಹಲವು ವಾರಗಳ ಮೇಲೆ ಗಟ್ಟಿ ಆಹಾರ. ಜೋಳದ ರೊಟ್ಟಿಗೆ ಅವಸರ ಬೇಡ.

ಸಸ್ಯಾಹಾರಿಗಳಾದ ನಮಗೆ ಎರಡು ವಿಷಯಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಮೊದಲನೆಯದು ಪ್ರೋಟೀನು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ದೊರೆಯುತ್ತದೆ. ಹೆಸರುಬೇಳೆ, ಮೊಸರು, ಸೋಯಾಗಳನ್ನು ಸೇರಿಸಿ ಲೆಕ್ಕ ಹಾಕುವುದನ್ನು ಆಹಾರತಜ್ಞರಿಂದ ಮೊದಲೇ ಕಲಿಯಿರಿ. ಎರಡನೆಯದು ಬಿ12. ನಮ್ಮ ಆಹಾರದಲ್ಲಿ ಅದು ಹಾಲು ಮೊಸರುಗಳಲ್ಲಿ ಮಾತ್ರ ಇರುವುದರಿಂದ ಜೀವಸತ್ವ, ಕಬ್ಬಿಣ, ಸುಣ್ಣದ ಮಾತ್ರೆಗಳನ್ನು ಜೀವನಪರ್ಯಂತ ತೆಗೆದುಕೊಳ್ಳಬೇಕು, ರಕ್ತಪರೀಕ್ಷೆಯನ್ನೂ ಕಾಲಕಾಲಕ್ಕೆ ಮಾಡಿಸಬೇಕು.

ಪ್ರಸಾದದ ವಿಚಾರವಾಗಿ ಭಕ್ತರು ಅಳುಕುತ್ತಾರೆ. ಪ್ರಸಾದವನ್ನು ಬೇಡವೆನ್ನಬಾರದು, ತಟ್ಟೆಯಲ್ಲಿ ಉಳಿಸಲೂಬಾರದು. ಹಾಗಾದರೆ ಗತಿಯೇನು? ಬಡಿಸುವವರಿಗೆ ಮೊದಲೇ ಕೈಮುಗಿದು ಒಂದು ಚಮಚ ಸಾಕೆನ್ನಬೇಕು. ಪ್ರಸಾದದ ಮಹಿಮೆ ಪ್ರಮಾಣದಲ್ಲಿಲ್ಲ. ಬೈಪಾಸ್ ಆದವರು ಹೋಳಿಗೆ, ಪಾಯಸಗಳನ್ನು ಹೆಚ್ಚು ತಿಂದರೆ ಎದೆ ಹಾರುವುದು, ಬೆವರು, ತಲೆಸುತ್ತು, ಭೇದಿ ಉಂಟಾಗಬಹುದು. ಶಿವರಾತ್ರಿಯ ನಿರಾಹಾರ ಉಪವಾಸವನ್ನೂ ವೈದ್ಯರನ್ನು ಕೇಳದೆ ಹಿಡಿಯಬಾರದು. ದಾಸೋಹದಲ್ಲಿ ಬಡಿಸುವ ಬಂಧುಗಳಲ್ಲಿಯೂ ನಮ್ಮ ವಿನಂತಿಯಿದೆ: ಸಾಕೆಂದವರಿಗೆ ಮತ್ತೆ ಒತ್ತಾಯಿಸದಿರಿ.

ಇಷ್ಟಲಿಂಗದ ಪ್ರಶ್ನೆ

ಮೈಮೇಲಿನ ಇಷ್ಟಲಿಂಗವನ್ನು ಅಗಲಬೇಕಾಗುವುದೆಂಬ ಭಯದಿಂದಲೇ ಶಸ್ತ್ರಚಿಕಿತ್ಸೆಯಿಂದ ಹಿಂಜರಿದವರನ್ನು ನಾವು ಕಂಡಿದ್ದೇವೆ. ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ತಿನಿಂದ ರಕ್ತನಾಳಗಳನ್ನು ಸುಡುವ ಉಪಕರಣ ಬಳಸುವುದರಿಂದ ಬೆಳ್ಳಿಯ ಕರಡಿಗೆಯಂತಹ ಲೋಹ ಮೈಮೇಲೆ ಇರಬಾರದು. ಈ ಮಾತು ಕೊನೆಯ ಗಳಿಗೆಯಲ್ಲಿ, ದಾದಿಯರ ಬಾಯಿಂದ, ಗಾಬರಿಯ ನಡುವೆ ತಿಳಿಯಬಾರದು. ಕರಡಿಗೆಯಿಲ್ಲದೆ ಬಟ್ಟೆಯಲ್ಲಿ ಕಟ್ಟಿಕೊಳ್ಳಲು ಅವಕಾಶವಿದೆಯೇ ಎಂದು ಮೊದಲೇ ವೈದ್ಯರನ್ನು ಕೇಳಿರಿ. ಇಲ್ಲವಾದರೆ ಆ ಕೆಲವು ಗಂಟೆಗಳ ಮಟ್ಟಿಗೆ ಹೇಗೆ ನಡೆದುಕೊಳ್ಳಬೇಕೆಂದು ಗುರುಗಳಲ್ಲಿ ಬಿನ್ನವಿಸಿ ಅಪ್ಪಣೆ ಪಡೆಯಿರಿ. ಇದರಿಂದ ಮನಸ್ಸು ನಿರಾಳವಾಗುತ್ತದೆ.

ಜೊತೆಗಾರರು ಯಾರು?

ನಮ್ಮ ಅನುಭವದಲ್ಲಿ ನಾಲ್ವರು ಬೇಕು. ಮೊದಲನೆಯವರು ಮನೆಯಲ್ಲಿ ಅಡುಗೆ ಮಾಡುವವರು. ಅವರನ್ನು ಆಹಾರತಜ್ಞರ ಬಳಿಗೆ ಕರೆದೊಯ್ಯಲೇಬೇಕು. ಎರಡನೆಯವರು ಆಸ್ಪತ್ರೆಯಲ್ಲಿ ಜೊತೆಗಿದ್ದು, ಮನೆಗೆ ಬಂದ ಮೇಲೆ ಜ್ವರ, ಏರಿದ ನಾಡಿಬಡಿತ, ತೀವ್ರ ಹೊಟ್ಟೆನೋವು, ನೀರೂ ನಿಲ್ಲದ ವಾಂತಿ ಕಂಡೊಡನೆ ಆಸ್ಪತ್ರೆಗೆ ಕರೆದೊಯ್ಯುವವರು. ಮೂರನೆಯವರು ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಎರಡು ಮೂರು ವರ್ಷ ಕಳೆದವರು. ಅಂಥವರ ಸಭೆಗಳನ್ನು ಅನೇಕ ಆಸ್ಪತ್ರೆಗಳು ನಡೆಸುತ್ತವೆ. ದಿನಾಂಕ ಗೊತ್ತುಮಾಡುವ ಮೊದಲು ಎರಡು ಸಭೆಗಳಲ್ಲಾದರೂ ಕುಳಿತು, ತೂಕ ಮರಳಿ ಬಂದವರ ಮಾತನ್ನೂ ಕೇಳಬೇಕು. ನಾಲ್ಕನೆಯವರು ಮನಸ್ಸಿನ ತಜ್ಞರು. ದುಃಖಕ್ಕೆ, ಒಂಟಿತನಕ್ಕೆ ಉಣ್ಣುವ ಅಭ್ಯಾಸವನ್ನು ಕತ್ತರಿಯಿಂದ ತೆಗೆಯಲಾಗದು. ಖಿನ್ನತೆ ಅಥವಾ ಮದ್ಯದ ಚಟವಿದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಲಿ.

ಹಣದ ವಿಚಾರವನ್ನೂ ಮನೆಯವರೊಡನೆ ಮಾತನಾಡಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯಂತೆ ಸೂಚ್ಯಂಕ 40 ಇದ್ದವರಿಗೆ, ಇಲ್ಲವೆ 35 ಇದ್ದು ಹತೋಟಿಗೆ ಬಾರದ ಮಧುಮೇಹ, ಹೃದ್ರೋಗ, ತೀವ್ರ ನಿದ್ರಾಶ್ವಾಸದೋಷಗಳಂಥ ಕಾಯಿಲೆಯುಳ್ಳವರಿಗೆ, ಷರತ್ತುಗಳಿಗೊಳಪಟ್ಟು ವಿಮೆಯ ಅವಕಾಶವಿದೆ. ವೈದ್ಯರು ಹೇಳುವ ಮಿತಿಗಿಂತ ಇದು ಕಟ್ಟುನಿಟ್ಟು. ಆದುದರಿಂದ ಒಪ್ಪಿಗೆಯನ್ನು ಮುಂಚಿತವಾಗಿ ಬರಹದಲ್ಲಿ ಪಡೆಯಿರಿ.

ಆ ತಾಯಿಯ ಮಾತು

ಅವರು ಧೈರ್ಯ ಮಾಡಿ ಅತ್ತೆಯವರಿಗೆ ಹೇಳಿದರು. "ಉಣ್ಣೂದು ಕಮ್ಮಿ ಮಾಡಿದ್ರ ಸಾಕಲ್ಲ, ಹೊಟ್ಟಿ ಯಾಕ ಕೊಯಿಸ್ಕೋತಿ?" ಎಂದು ಅತ್ತೆ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ನಮ್ಮ ಚಿಕಿತ್ಸಾಲಯಕ್ಕೆ ಇಬ್ಬರೂ ಬಂದರು. ಮೇಲೆ ಬರೆದುದನ್ನೆಲ್ಲ ಅವರಿಗೆ ವಿವರಿಸಿದೆವು. ದಿನಾಂಕವನ್ನು ಮುಂದೂಡಿದರು. ನಿದ್ರಾಪರೀಕ್ಷೆಯಲ್ಲಿ ಉಸಿರಿನ ದೋಷ ತೀವ್ರವಾಗಿರುವುದು ಕಂಡುಬಂದು, ರಾತ್ರಿ ಉಸಿರಾಟದ ಯಂತ್ರ ಬಳಸತೊಡಗಿದರು. ಅವಸರದಲ್ಲಿ, ಗುಟ್ಟಿನಲ್ಲಿ ಹೋಗಿದ್ದರೆ ಅದು ತಿಳಿಯುತ್ತಲೇ ಇರಲಿಲ್ಲ.

ಕಾರ್ತಿಕದಲ್ಲಿ ಸ್ಲೀವ್ ಶಸ್ತ್ರಚಿಕಿತ್ಸೆ ಆಯಿತು. ಈಗ ಏಳು ತಿಂಗಳು. 28 ಕಿಲೋ ಇಳಿದಿದೆ. ನಡುವೆ ಕೂದಲು ಉದುರಿ ಅತ್ತುಕೊಂಡದ್ದೂ ಉಂಟು. ಈಗ ಮತ್ತೆ ಬರುತ್ತಿದೆ. ಮಧುಮೇಹದ ಮಾತ್ರೆ ಅರ್ಧಕ್ಕಿಂತ ಕಡಿಮೆಯಾಗಿದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹೊರಬಂದೊಡನೆ ಅತ್ತೆಯವರು ಜೀವಸತ್ವದ ಮಾತ್ರೆ, ಒಂದು ಬಟ್ಟಲು ಹೆಸರುಬೇಳೆಯ ಕಟ್ಟು ಹಿಡಿದು ನಿಂತಿರುತ್ತಾರಂತೆ.

ಶರಣರು ಕಾಯಕದಷ್ಟೇ ಸತ್ಸಂಗಕ್ಕೂ ಬೆಲೆ ಕೊಟ್ಟರು. ದೇಹದ ದೊಡ್ಡ ಪರೀಕ್ಷೆಯ ಕಾಲದಲ್ಲಿಯೂ ಸಂಗ ಬೇಕು. ನಿಮ್ಮಲ್ಲಿ ಯಾರಾದರೂ ಈ ನಿರ್ಧಾರದ ಹೊಸ್ತಿಲಲ್ಲಿದ್ದರೆ ಇಂದು ಸಂಜೆಯೇ ಮನೆಯ ಒಬ್ಬರಿಗಾದರೂ ಹೇಳಿರಿ. ಅಂಥ ಮಾತನ್ನು ನಿಮ್ಮ ಮನೆಯವರೇ ನಿಮಗೆ ಹೇಳಿದರೆ ಹಳಿಯದೆ ಪೂರ್ತಿ ಕೇಳಿರಿ, ಮುಂದಿನ ಸಲ ವೈದ್ಯರ ಬಳಿಗೆ ಅವರೊಡನೆ ಹೋಗಿರಿ.