ಒಂದೇ ಪ್ರಯಾಣ, ಎರಡು ದರ್ಜೆ

ಊರಿಗೆ ಹೊರಡುವ ಕಾಲ ಬಂದಿತೆಂದರೆ ನಮ್ಮ ಭಾಂಡುಪಿನ ಕನ್ನಡ ಮನೆಗಳಲ್ಲಿ ಮೊದಲು ಏಳುವ ಮಾತು ಟಿಕೆಟಿನದು. ಹೊರಟ ಇಬ್ಬರಿಗೂ ಒಂದೇ ದರ್ಜೆಯಲ್ಲಿ ಸ್ಥಳ ಸಿಕ್ಕಿತೋ, ಸಂತೋಷ. ಎಲ್ಲ ಸಲವೂ ಹಾಗಾಗುವುದಿಲ್ಲ. ಮತ್ಸ್ಯಗಂಧಾ ಗಾಡಿಯಲ್ಲಿ ಎ.ಸಿ.ಯ ಒಂದೇ ಬರ್ತು ಉಳಿದಿರುತ್ತದೆ, ಇನ್ನೊಬ್ಬರಿಗೆ ಸ್ಲೀಪರೇ ಗತಿ. ವಿಮಾನವಾದರೆ, ದುಬೈಯಲ್ಲಿರುವ ಮಗ ತಂದೆಗೆಂದು ಬಿಸಿನೆಸ್ ದರ್ಜೆಯ ಟಿಕೆಟು ತೆಗೆಸಿರುತ್ತಾನೆ, ಜೊತೆಗೆ ಹೋಗುವವರಿಗೆ ಸಾಧಾರಣ ದರ್ಜೆ. “ಹೇಗೂ ಒಂದೇ ವಿಮಾನ ತಾನೆ? ಅರ್ಧ ದಾರಿ ನೀನು ಅಲ್ಲಿ, ಅರ್ಧ ದಾರಿ ನಾನು” ಎಂದು ಮನೆಯಲ್ಲೇ ಲೆಕ್ಕ ಹಾಕಿ ಹೊರಡುವವರೂ ಉಂಟು. ಈ ಲೆಕ್ಕ ಎಲ್ಲಿ ನಡೆದೀತು, ಎಲ್ಲಿ ನಡೆಯಲಾರದು ಎಂದು ನಾವು ಕೊಂಚ ವಿಚಾರಿಸಿ ನೋಡಿದೆವು.

ರೈಲಿನ ಮಟ್ಟಿಗೆ ಕಾನೂನು ಉದಾರವಾಗಿಯೇ ಇದೆ. ಒಬ್ಬರ ಹೆಸರಿನ ಟಿಕೆಟನ್ನು ಅವರೇ ಉಪಯೋಗಿಸತಕ್ಕದ್ದೆಂದು 1989ರ ರೈಲ್ವೆ ಕಾಯಿದೆಯ 53ನೆಯ ಕಲಮು ವಿಧಿಸುತ್ತದೆ. ಆದರೆ ಒಂದೇ ಗಾಡಿಯ ಪ್ರಯಾಣಿಕರು ತಮ್ಮ ತಮ್ಮೊಳಗೆ ಸೀಟು ಅಥವಾ ಬರ್ತು ಬದಲಾಯಿಸಿಕೊಳ್ಳಲು ಇದರಿಂದ ಅಡ್ಡಿಯಿಲ್ಲವೆಂದು ಅಲ್ಲಿಯೇ ಸೇರಿಸಿದೆ. ದರ್ಜೆಯ ಪ್ರಸ್ತಾಪ ಆ ಕಲಮಿನಲ್ಲಿಲ್ಲ. ಹಾಗೆಂದು ನೇರವಾಗಿ ಹೋಗಿ ಮಲಗಿಬಿಡುವಂತಿಲ್ಲ. ಕೆಳದರ್ಜೆಯ ಟಿಕೆಟಿನಲ್ಲಿ ಮೇಲ್ದರ್ಜೆ ಹತ್ತಿದವರಿಂದ ಹೆಚ್ಚಿನ ಹಣ ವಸೂಲು ಮಾಡಲು ಅದೇ ಕಾಯಿದೆಯ 138ನೆಯ ಕಲಮು ಕಾದುಕೊಂಡಿದೆ. ಟಿ.ಸಿ. ಬಂದಾಗ ಇಬ್ಬರ ಟಿಕೆಟನ್ನೂ ಗುರುತಿನ ಚೀಟಿಯನ್ನೂ ತೋರಿಸಿ, ಅವರು ಹೂಂ ಎಂದ ಮೇಲೆ ಬದಲಾಯಿಸಿಕೊಳ್ಳುವುದು ಕ್ಷೇಮ. ಥಾಣೆಯಲ್ಲಿ ಹತ್ತಿದವರು ಕತ್ತಲಾಗುವ ಮೊದಲೇ ಈ ಕೆಲಸ ಮುಗಿಸಲಿ. ರಾತ್ರಿ ಎ.ಸಿ. ಡಬ್ಬಿಗೂ ಸ್ಲೀಪರಿಗೂ ನಡುವಣ ಬಾಗಿಲು ಮುಚ್ಚಿರುವುದುಂಟು. ಇನ್ನೊಂದು ಮಾತು: ಹಾಸಿಗೆ ಹೊದಿಕೆ ಕೊಡುವುದು ಎ.ಸಿ.ಯವರಿಗೆ. ಸ್ಲೀಪರಿಗೆ ಹೋಗುವವರ ಕೈಯಲ್ಲಿ ಮನೆಯದೊಂದು ಕಂಬಳಿ ಇರಬೇಕು.

ದಿನವೂ ಲೋಕಲಿನಲ್ಲಿ ಹೋಗುವ ನಮಗೆ ಫಸ್ಟ್ ಕ್ಲಾಸಿನ ಪಾಸೂ ನೆನಪಾಗದಿರದು. ಅಲ್ಲಿ ಸೀಟಿಗೆ ಸಂಖ್ಯೆಯೇ ಇಲ್ಲವಾದುದರಿಂದ ಬದಲಾವಣೆಯ ಮಾತೂ ಇಲ್ಲ. ಗಂಡನ ಪಾಸು ಹೆಂಡತಿಗೆ ಸಲ್ಲದು, ಅಷ್ಟೆ.

ವಿಮಾನದ ರೀತಿಯೇ ಬೇರೆ. ಅಲ್ಲಿ ಎರಡು ದರ್ಜೆಗಳ ನಡುವೆ ಒಂದು ಪರದೆ ಇರುತ್ತದಷ್ಟೆ. ನೋಡುವುದಕ್ಕೆ ನಮ್ಮ ಅಡುಗೆಮನೆಯ ಪರದೆಯಂತೆ ಹಗುರ, ದಾಟುವುದಕ್ಕೆ ಮಾತ್ರ ಗೋಡೆ. ಯಾವ ಕುರ್ಚಿಯಲ್ಲಿ ಯಾರೆಂಬ ಪಟ್ಟಿ ಸಿಬ್ಬಂದಿಯ ಕೈಯಲ್ಲಿರುತ್ತದೆ. ಊಟವನ್ನು ಆಯಾ ದರ್ಜೆಯ ಎಣಿಕೆಗೆ ತಕ್ಕಂತೆ ತುಂಬಿರುತ್ತಾರೆ. ಸರಕಾರದ ತೆರಿಗೆಯೂ ಕುರ್ಚಿ ನೋಡಿಯೇ: ಸಾಧಾರಣ ದರ್ಜೆಗೆ ನೂರಕ್ಕೆ 5, ಅದರ ಮೇಲಿನವಕ್ಕೆ 2025ರ ಸಪ್ಟಂಬರ 22ರಿಂದ 18. ಮೇಲ್ದರ್ಜೆಯವರು ತಮ್ಮ ಸ್ಥಳವನ್ನು ಜೊತೆಗಾರರಿಗೆ ಬಿಟ್ಟುಕೊಟ್ಟು ತಾವು ಹಿಂದೆ ಹೋಗುತ್ತೇವೆಂದರೆ ಕೆಲವು ಸಲ ಒಪ್ಪುತ್ತಾರೆ, ಕೆಲವು ಸಲ ಇಲ್ಲ. ಆಕಾಶದಲ್ಲಿ ಅತ್ತಿಂದಿತ್ತ ಪಾಳಿ ಬದಲಾಯಿಸುವುದನ್ನು ಮಾತ್ರ ಹೆಚ್ಚಿನವರು ಸಹಿಸುವುದಿಲ್ಲ. ಕೊನೆಯ ಮಾತು ಸಿಬ್ಬಂದಿಯದೇ.

ನಮ್ಮ ನೆರೆಯ ಹಿರಿಯ ದಂಪತಿಗಳು ಬೆಂಗಳೂರಿಗೆ ಹೋದುದು ಹೀಗೆಯೇ. ಯಜಮಾನರ ಮೊಣಕಾಲು ನೋವೆಂದು ಮಗ ಅವರಿಗೊಬ್ಬರಿಗೆ ಮುಂದಿನ ಕುರ್ಚಿ ಕೊಡಿಸಿದ್ದ. ವಿಮಾನ ಮೇಲೇರಿದ ಮೇಲೆ ಅವರು ಹಿಂದಕ್ಕೆ ನಡೆದು ಬಂದು, “ನೀನೂ ಸ್ವಲ್ಪ ಹೊತ್ತು ಅಲ್ಲಿ ಕೂತುಕೊ ಮಾರಾಯ್ತಿ, ಕಾಲು ನೀಡಲಿಕ್ಕೆ ಆಗ್ತದೆ” ಎಂದರಂತೆ. “ನನಗೆ ಇಲ್ಲೇ ಸಾಕು. ನಿಮ್ಮ ಕಾಲು ನೋಡಿಕೊಳ್ಳಿ” ಎಂದು ಆಕೆ. ಅಷ್ಟರಲ್ಲಿ ಗಗನಸಖಿ ಬಂದು, ಹಾಗೆ ಬದಲಾಯಿಸುವಂತಿಲ್ಲವೆಂದು ನಯವಾಗಿ ಹೇಳಿ ಅವರನ್ನು ಮುಂದಕ್ಕೆ ಕರೆದುಕೊಂಡು ಹೋದಳು. ಇಷ್ಟೇ ಆಗಿದ್ದರೆ ನಗುವ ಸಂಗತಿಯಾಗುತ್ತಿತ್ತು. ಆದರೆ ಯಜಮಾನರಿಗೆ ಊಟಕ್ಕೆ ಮುಂಚೆ ಇನ್ಸುಲಿನ್ ಬೇಕು. ಅದಿದ್ದುದು ಆಕೆಯ ಚೀಲದಲ್ಲಿ. ಅವರ ಮುಂದೆ ತಟ್ಟೆ ಬಂದಾಗ ವಿಮಾನ ಕುಲುಕತೊಡಗಿ ಬೆಲ್ಟಿನ ದೀಪ ಹೊತ್ತಿಕೊಂಡಿತು. ಏಳುವಂತಿಲ್ಲ, ಕೂಗಿದರೆ ಕೇಳುವುದಿಲ್ಲ. ದೀಪ ಆರುವವರೆಗೆ ಅವರು ತಟ್ಟೆ ನೋಡುತ್ತ ಕೂತರು, ಆಕೆ ಪರದೆ ನೋಡುತ್ತ ಕೂತರು. ಆಮೇಲೆ ಅದೇ ಗಗನಸಖಿ ಚೀಲ ತಲುಪಿಸಿದಳು. “ಆ ಕುರ್ಚಿಗೆ ಕೊಟ್ಟ ದುಡ್ಡಿನಲ್ಲಿ ಇಬ್ಬರೂ ಒಟ್ಟಿಗೆ ಹೋಗಿ ಬರಬಹುದಿತ್ತು” ಎಂದು ಆಕೆ ಈಗಲೂ ಹೇಳುತ್ತಾರೆ.

ನಮಗೂ ಆಕೆಯ ಮಾತೇ ಸರಿಯೆನ್ನಿಸುತ್ತದೆ. ಒಬ್ಬರು ಇನ್ನೊಬ್ಬರ ಆರೈಕೆಗೆಂದೇ ಹೊರಟಾಗ ಅಗಲವಾದ ಕುರ್ಚಿಗಿಂತ ಪಕ್ಕದ ಕುರ್ಚಿ ದೊಡ್ಡದು. ಕಾಲು ನೀಡಲು ಸ್ಥಳ ಬೇಕೆಂದರೆ ಸಾಧಾರಣ ದರ್ಜೆಯಲ್ಲೇ ಮುಂದಿನ ಸಾಲಿಗೆ ಸ್ವಲ್ಪ ಹೆಚ್ಚು ಕೊಟ್ಟು ಇಬ್ಬರೂ ಕೂಡಬಹುದು. ನಡೆಯಲಾರದವರಿಗೆ ಗಾಲಿಕುರ್ಚಿ ಬೇಕೆಂದರೆ 48 ಗಂಟೆ ಮೊದಲೇ ತಿಳಿಸಿದರಾಯಿತು. ಅದಕ್ಕೆ ಮೇಲ್ದರ್ಜೆಯ ಟಿಕೆಟೇನೂ ಬೇಕಿಲ್ಲ. ಹನ್ನೆರಡರೊಳಗಿನ ಮಕ್ಕಳಿಗೆ, ಒಂದೇ ಬುಕಿಂಗಿನಲ್ಲಿದ್ದರೆ, ತಂದೆ ಅಥವಾ ತಾಯಿಯ ಪಕ್ಕದಲ್ಲೇ ಸ್ಥಳ ಕೊಡಬೇಕೆಂದು ವಿಮಾನಯಾನ ನಿರ್ದೇಶನಾಲಯ 2024ರ ಏಪ್ರಿಲಿನಲ್ಲಿ ಕಂಪನಿಗಳಿಗೆ ಸೂಚಿಸಿದೆ. ಮುದುಕರಿಗೂ ಅಂಥದೊಂದು ಸೂಚನೆ ಬಂದರೆ ಚೆನ್ನು.

ಮಗ ಟಿಕೆಟು ಕಳಿಸಿಯೇಬಿಟ್ಟಿದ್ದರೆ? ಬೋರ್ಡಿಂಗ್ ಪಾಸು ಕೊಡುವ ಕೌಂಟರಿನಲ್ಲೇ ವಿಷಯ ಬಿಡಿಸಿ ಹೇಳಿ ಕೇಳಿ ನೋಡಿ. ನೆಲದ ಮೇಲೆ ಸಿಗುವ ಉತ್ತರ ಆಕಾಶದಲ್ಲಿ ಸಿಗುವುದಕ್ಕಿಂತ ಸ್ಪಷ್ಟ. ಇಲ್ಲವೆಂದರೆ ಚೀಲಗಳನ್ನು ಅಲ್ಲಿಯೇ ಬಿಚ್ಚಿ, ಅವರವರ ಮಾತ್ರೆ, ಕನ್ನಡಕ, ಇನ್ಸುಲಿನ್ ಅವರವರ ಕೈಗೆ ಕೊಟ್ಟು ಹತ್ತಿಸಿ.