ಮೇಲೆತ್ತಿದ ಸರ್ಪ, ಮೇಲೇರಿದ ಪ್ರಭು

(ಪವಿತ್ರ ಶಿಲುಬೆಯ ವಿಜಯೋತ್ಸವ – ಸೆಪ್ಟೆಂಬರ್ 14)



ಪ್ರತಿವರ್ಷ ಸೆಪ್ಟೆಂಬರ್ 14ರಂದು ಧರ್ಮಸಭೆ ಪವಿತ್ರ ಶಿಲುಬೆಯ ವಿಜಯೋತ್ಸವವನ್ನು ಕೊಂಡಾಡುತ್ತದೆ. ಈ ಹಬ್ಬದ ಬೇರು ಜೆರುಸಲೇಮಿನಲ್ಲಿದೆ. ಚಕ್ರವರ್ತಿ ಕಾನ್‌ಸ್ಟಂಟೈನ್ ಪ್ರಭುವಿನ ಸಮಾಧಿಯ ಸ್ಥಳದಲ್ಲಿ ಕಟ್ಟಿಸಿದ ದೇವಾಲಯ ಕ್ರಿ.ಶ. 335ರ ಸೆಪ್ಟೆಂಬರ್ 13ರಂದು ಪ್ರತಿಷ್ಠೆಯಾಯಿತು. ಮರುದಿನ ಶಿಲುಬೆಯನ್ನು ಭಕ್ತಜನರ ಮುಂದೆ ಎತ್ತಿ ತೋರಿಸುವ ಪದ್ಧತಿ ಬೆಳೆದು ಬಂತು. ಎತ್ತಿ ತೋರಿಸುವುದು, ತಲೆಯೆತ್ತಿ ನೋಡುವುದು – ಹಬ್ಬದ ತಿರುಳು ಇಷ್ಟೇ. ಅಂದಿನ ಎರಡು ವಾಚನಗಳು ಕೂಡ ಇದನ್ನೇ ಹೇಳುತ್ತವೆ (ಸಂಖ್ಯಾಕಾಂಡ 21:4-9; ಯೊವಾನ್ನ 3:13-17). ಆ ಎರಡನ್ನೂ ಬೆಸೆಯುವುದು ಒಂದು ಹಾವು.

ನಮ್ಮ ಚನ್ನಪಟ್ಟಣದ ಕಡೆಯವರಿಗೆ ಹಾವು ಹೊಸದಲ್ಲ. ಹಿಪ್ಪುನೇರಳೆ ತೋಟದಲ್ಲಿ, ರಾಗಿ ಹುಲ್ಲಿನ ಮೆದೆಯಲ್ಲಿ, ತೆಂಗಿನ ಗರಿಯ ರಾಶಿಯಲ್ಲಿ ಕೈಯಿಡುವ ಮೊದಲು ಕೋಲಾಡಿಸಿ ನೋಡುವುದು ನಮ್ಮ ಹಿರಿಯರು ಕಲಿಸಿದ ಪಾಠ. ಹಾಗಾಗಿ ನಮ್ಮ ಮನೆಯಲ್ಲೇ ನಡೆದ ಘಟನೆಯೊಂದರಿಂದ ಆರಂಭಿಸುತ್ತೇವೆ.

ನಾವಾಗ ಚಿಕ್ಕವರು. ಆ ಬೇಸಿಗೆಯಲ್ಲಿ ನಮ್ಮ ಕೊಳವೆಬಾವಿ ಬತ್ತಿತ್ತು. ಪಂಪ್‌ಸೆಟ್ಟಿಗೆ ಕರೆಂಟು ಬರುತ್ತಿದ್ದುದು ನಡುರಾತ್ರಿ. ಒಂದು ರಾತ್ರಿ ನಮ್ಮ ಚಿಕ್ಕಪ್ಪ ಸದ್ದಿಲ್ಲದೆ ಪಕ್ಕದ ತೋಟಕ್ಕೆ ಹೋಗಿ, ಅವರ ಕಾಲುವೆಯ ಬದು ಕಡಿದು, ನೀರನ್ನು ನಮ್ಮ ಸಾಲಿಗೆ ತಿರುಗಿಸಿದರು. ಆಗಲೇ ಕಾಲಿಗೆ ಏನೋ ಕಚ್ಚಿತು. ನೋವೇನೂ ಹೆಚ್ಚಿರಲಿಲ್ಲ. "ಮುಳ್ಳು ಚುಚ್ಚಿತು" ಎಂದು ಹೇಳಿ ಬಂದು ಮಲಗಿದರು. ಬೆಳಗಿನ ಜಾವಕ್ಕೆ ಕಣ್ಣಿನ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು. ಅಜ್ಜಿ ಅವರ ಭುಜ ಅಲುಗಾಡಿಸಿ, "ರಾತ್ರಿ ಎಲ್ಲಿದ್ದೆ?" ಎಂದು ಮತ್ತೆ ಮತ್ತೆ ಕೇಳಿದರು. ಎಲ್ಲಿದ್ದೆ ಎಂದರೆ ಕಳವು ಬಯಲಾಗುತ್ತದೆ, ಹೇಳದಿದ್ದರೆ ಪ್ರಾಣ ಹೋಗುತ್ತದೆ. ಕೊನೆಗೆ ಹೇಳಿದರು. ಆಗ ಊರಿನಲ್ಲಿ ಜೀಪು ಇದ್ದುದು ಒಬ್ಬರ ಮನೆಯಲ್ಲಿ ಮಾತ್ರ, ಆ ಪಕ್ಕದ ತೋಟದವರ ಮನೆಯಲ್ಲೇ. ಅವರು ಕ್ರೈಸ್ತರಲ್ಲ. ಅವರೇ ಚಿಕ್ಕಪ್ಪನನ್ನು ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದರು. ಕಟ್ಟುಹಾವಿನ ಕಡಿತ ಎಂದರು ವೈದ್ಯರು. ಚಿಕ್ಕಪ್ಪ ಬದುಕಿ ಬಂದರು.

ದೇವರ ಮೊದಲ ಪ್ರಶ್ನೆ

ಪವಿತ್ರ ಬೈಬಲ್ಲಿನಲ್ಲಿ ಹಾವು ಮೊದಲು ಕಾಣಿಸಿಕೊಳ್ಳುವುದು ಏದೆನ್ ತೋಟದಲ್ಲಿ. ಆದಾಮ, ಹವ್ವ ಹಣ್ಣು ತಿಂದ ಮೇಲೆ ಮರಗಳ ನಡುವೆ ಅಡಗಿಕೊಂಡರು. ದೇವರು ಅವರನ್ನು ಹುಡುಕುತ್ತಾ ಬಂದು ಕೇಳಿದ ಮೊದಲ ಪ್ರಶ್ನೆ ಅವರು ಎಲ್ಲಿದ್ದಾರೆ ಎಂಬುದು (ಆದಿಕಾಂಡ 3:9). ಎಲ್ಲವನ್ನೂ ಬಲ್ಲ ದೇವರಿಗೆ ಅವರಿದ್ದ ಜಾಗ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಜ್ಜಿಯಂತೆ ಅವರೂ ಕೇಳಿದ್ದು ಉಳಿಸಲಿಕ್ಕಾಗಿ. ಆದರೆ ಆದಾಮ ಹವ್ವಳತ್ತ ಬೆರಳು ತೋರಿಸಿದ, ಹವ್ವ ಹಾವಿನತ್ತ ತೋರಿಸಿದಳು. ಪಾಪ ಎಂದರೆ ಆಜ್ಞೆ ಮುರಿಯುವುದಷ್ಟೇ ಅಲ್ಲ. ಮುರಿದ ಮೇಲೆ ಅಡಗುವುದು, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ಕೂಡ. ಕಟ್ಟುಹಾವಿನ ಕಡಿತದಂತೆ ಅದು ಮೊದಲಿಗೆ ಹೆಚ್ಚು ನೋಯುವುದಿಲ್ಲ. ಆದುದರಿಂದಲೇ ಅದು ಅಪಾಯಕಾರಿ.

ಹಾವುಗಳು ಏಕೆ ಹೋಗಲಿಲ್ಲ?

ಮುಂದೆ ಮರುಭೂಮಿಯಲ್ಲೂ ಹಾವುಗಳು ಬರುತ್ತವೆ. ಇಸ್ರಯೇಲರು ದೇವರ ಮೇಲೂ ಮೋಶೆಯ ಮೇಲೂ ಗೊಣಗಿದರು. ವಿಷಸರ್ಪಗಳ ಕಡಿತದಿಂದ ಅನೇಕರು ಸತ್ತರು. ಆಗ ಅವರು ಆದಾಮ ಮಾಡದ ಕೆಲಸವನ್ನು ಮಾಡಿದರು. ಮೋಶೆಯ ಬಳಿಗೆ ಬಂದು ತಾವು ಪಾಪ ಮಾಡಿದ್ದೇವೆಂದು ಒಪ್ಪಿಕೊಂಡರು. ಹಾವುಗಳನ್ನು ತೊಲಗಿಸಬೇಕೆಂಬುದು ಅವರ ಬೇಡಿಕೆ. ಆದರೆ ಸರ್ವೇಶ್ವರ ಕೊಟ್ಟ ಉತ್ತರವೇ ಬೇರೆ. ಕಂಚಿನ ಸರ್ಪವೊಂದನ್ನು ಮಾಡಿ ಕಂಬಕ್ಕೇರಿಸಬೇಕು, ಕಡಿತಕ್ಕೆ ಒಳಗಾದವರು ಅದನ್ನು ನೋಡಿದರೆ ಬದುಕುವರು.

ಅಂದರೆ ಹಾವುಗಳು ಅಲ್ಲೇ ಉಳಿದವು. ನಮ್ಮ ಅನುಭವವೂ ಹೀಗೆಯೇ ಅಲ್ಲವೇ? ಜ್ಞಾನಸ್ನಾನ ಪಡೆದಿದ್ದೇವೆ, ಬಲಿಪೂಜೆಗೆ ಹೋಗುತ್ತೇವೆ. ಆದರೂ ಕೇಡು ನಮ್ಮ ಮನೆಯಂಗಳ ಬಿಟ್ಟು ಹೋಗಿಲ್ಲ. ಕುಡಿತ, ಸಾಲ, ಅಣ್ಣತಮ್ಮಂದಿರ ಜಮೀನಿನ ಜಗಳ ಇದ್ದೇ ಇವೆ. ದೇವರು ಕೇಡಿಲ್ಲದ ಲೋಕವನ್ನು ಇಂದೇ ಕೈಗಿಡುವುದಿಲ್ಲ. ಕೇಡಿನ ನಡುವೆ ನೋಡಿ ಬದುಕಲು ಒಂದು ಗುರುತನ್ನು ಕೊಡುತ್ತಾರೆ. ಆ ಗುರುತು ನಮ್ಮನ್ನು ಕಚ್ಚಿದ್ದರ ರೂಪದಲ್ಲೇ ಇತ್ತು ಎಂಬುದನ್ನು ಮರೆಯಬಾರದು. ನಮ್ಮ ಪಾಪವನ್ನು ನೇರವಾಗಿ ನೋಡದೆ ಗುಣವಾಗುವ ದಾರಿಯಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಯಾರಿಗಾದರೂ ಕಾಯಿಲೆ ಬಂದರೆ, ಅಪಘಾತವಾದರೆ ಅದು ಅವರ ಪಾಪದ ಫಲ ಎಂದು ತೀರ್ಪು ಕೊಡುವುದು ಸಲ್ಲದು. ಹುಟ್ಟುಕುರುಡನ ವಿಷಯದಲ್ಲಿ ಯೇಸುಸ್ವಾಮಿ ಆ ಎಣಿಕೆಯನ್ನು ತಳ್ಳಿಹಾಕಿದರು (ಯೊವಾನ್ನ 9:3). ಎರಡನೆಯದು, ಗುಣಪಡಿಸಿದ್ದು ಕಂಚಲ್ಲ, ದೇವರು. ಜ್ಞಾನಗ್ರಂಥ ಇದನ್ನು ಸ್ಪಷ್ಟವಾಗಿ ತಿಳಿಸುತ್ತದೆ (16:7). ಮುಂದೆ ಜನ ಆ ಕಂಚಿನ ಸರ್ಪಕ್ಕೇ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನು ಒಡೆಸಿಬಿಟ್ಟ (2 ಅರಸು 18:4).

ವಿಷವೇ ಮದ್ದಾದಾಗ

ಆ ಹಾವಿನ ಮಾತನ್ನು ಮತ್ತೆ ಎತ್ತುವವರು ಸ್ವತಃ ಯೇಸುಸ್ವಾಮಿ. ರಾತ್ರಿಯ ಮರೆಯಲ್ಲಿ ಬಂದ ನಿಕೊದೇಮನಿಗೆ ಅವರು, ಮೋಶೆ ಸರ್ಪವನ್ನು ಎತ್ತಿದಂತೆಯೇ ತಾವೂ ಎತ್ತಲ್ಪಡಬೇಕೆಂದು ತಿಳಿಸಿದರು. ಪಾಪವನ್ನೇ ಅರಿಯದ ಅವರನ್ನು ದೇವರು ನಮಗಾಗಿ ಪಾಪವಾಗಿಸಿದರು ಎಂಬ ಅರ್ಥದ ಮಾತನ್ನು ಸಂತ ಪೌಲರು ಬರೆಯುತ್ತಾರೆ (2 ಕೊರಿಂಥ 5:21). ಇದು ಹೇಗೆ?

ಚಿಕ್ಕಪ್ಪನಿಗೆ ಕೊಟ್ಟ ಔಷಧವನ್ನೇ ನೋಡೋಣ. ನಮ್ಮ ದೇಶದಲ್ಲಿ ಬಳಸುವ ವಿಷನಿರೋಧಕ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಮದ್ದು. ವಿಷವನ್ನು ಅಷ್ಟಷ್ಟಾಗಿ ಕುದುರೆಯ ಮೈಗೆ ಸೇರಿಸುತ್ತಾರೆ. ವಿಷವನ್ನು ತಾಳಿಕೊಂಡ ಆ ಜೀವಿಯ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಹುಟ್ಟುತ್ತದೆ. ಆ ರಕ್ತದಿಂದ ತೆಗೆದದ್ದೇ ಕಚ್ಚಿಸಿಕೊಂಡವನ ಪ್ರಾಣ ಉಳಿಸುತ್ತದೆ. ಹೋಲಿಕೆಗೆ ಮಿತಿಯುಂಟು. ಕುದುರೆ ತಾನಾಗಿ ಒಪ್ಪಿ ಬರುವುದಿಲ್ಲ; ಪ್ರಭುವಾದರೋ ತಮ್ಮ ಪ್ರಾಣವನ್ನು ತಾವಾಗಿಯೇ ಕೊಟ್ಟರು. ಲೋಕದ ದ್ವೇಷ, ಸುಳ್ಳು, ಹಿಂಸೆ ಎಲ್ಲವೂ ಅವರ ಮೈಮೇಲೆ ಬಿದ್ದವು. ಅವರು ಅದನ್ನು ಯಾರಿಗೂ ದಾಟಿಸಲಿಲ್ಲ. ಆದಾಮನಿಂದ ಕೈಯಿಂದ ಕೈಗೆ ದಾಟುತ್ತಾ ಬಂದ ವಿಷ ಶಿಲುಬೆಯ ಮೇಲೆ ಕ್ಷಮೆಯಾಯಿತು.

ಶುಭ ಶುಕ್ರವಾರದಂದು ಕನಕಪುರದ ಬಳಿಯ ಹಾರೋಬೆಲೆಯ ಕಪಾಲಬೆಟ್ಟಕ್ಕೆ ಶಿಲುಬೆಯ ಹಾದಿ ಮಾಡುತ್ತಾ ಏರುವ ಭಕ್ತರನ್ನು ನಾವೆಲ್ಲ ಬಲ್ಲೆವು. ಬಿಸಿಲಲ್ಲಿ ಕಲ್ಲು ತುಳಿದು ಏರಿದ ಮೇಲೆ ಅಲ್ಲಿ ಮಾಡುವುದಾದರೂ ಏನು? ತಲೆಯೆತ್ತಿ ಶಿಲುಬೆಯನ್ನು ನೋಡುತ್ತೇವೆ. ನಮ್ಮ ಪಾಪ ಏನು ಮಾಡಬಲ್ಲದೆಂಬುದೂ, ದೇವರ ಪ್ರೀತಿ ಏನು ಮಾಡಬಲ್ಲದೆಂಬುದೂ ಆ ಒಂದೇ ನೋಟದಲ್ಲಿ ಕಾಣುತ್ತವೆ.

ಹೋಗಿ ಹೇಳಬೇಕಾದ ಮಾತು

ಚಿಕ್ಕಪ್ಪನ ಕತೆ ಆಸ್ಪತ್ರೆಯಲ್ಲಿ ಮುಗಿಯಲಿಲ್ಲ. ಮೈ ಗುಣವಾದರೂ ಪಕ್ಕದ ತೋಟದವರನ್ನು ಕಂಡರೆ ಅವರು ದಾರಿ ಬದಲಿಸುತ್ತಿದ್ದರು. ಒಂದು ವರ್ಷ ಹೀಗೆಯೇ ಕಳೆಯಿತು. ಪಾಸ್ಖ ಹಬ್ಬಕ್ಕೆ ಮುಂಚೆ ಪಾಪನಿವೇದನೆಗೆ ಹೋದಾಗ ಗುರುಗಳು ಏನು ಹೇಳಿದರೋ ನಮಗೆ ತಿಳಿಯದು. ಅಂದು ಸಂಜೆ ಅವರು ನೇರವಾಗಿ ಪಕ್ಕದ ಮನೆಗೆ ಹೋಗಿ, ಜಗುಲಿಯಲ್ಲಿ ನಿಂತು, "ಆ ರಾತ್ರಿ ನಿಮ್ಮ ನೀರು ಕದ್ದವನು ನಾನು" ಎಂದರು. ಆ ಹಿರಿಯರು, "ಬೆಳಿಗ್ಗೆ ಜೀಪು ತೆಗೆಯುವ ಮೊದಲೇ ನನಗೆ ಗೊತ್ತಿತ್ತು. ಕೂತ್ಕೊ, ಕಾಫಿ ಕುಡಿ" ಎಂದರಂತೆ.

ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತರು ನಮಗಾಗಿ ಸತ್ತರೆಂಬ ಸಂತ ಪೌಲರ ಬೋಧನೆಯನ್ನು (ರೋಮ 5:8) ಓದುವಾಗಲೆಲ್ಲ ನಮಗೆ ಆ ಜೀಪು ನೆನಪಾಗುತ್ತದೆ. ಕ್ಷಮೆ ನಮಗಿಂತ ಮೊದಲೇ ಹೊರಟು ಬಂದಿರುತ್ತದೆ. ನಾವು ಹೋಗಿ ಹೇಳಿದಾಗಲಷ್ಟೇ ಅದು ನಮ್ಮದಾಗುತ್ತದೆ. ಈ ಹಬ್ಬದಂದು ಶಿಲುಬೆಗೆ ಮುತ್ತಿಡುವ ಮುನ್ನ, ನಾವು ದಾರಿ ಬದಲಿಸುವ ಆ ಒಬ್ಬರು ಯಾರೆಂದು ನೆನಪಿಸಿಕೊಳ್ಳೋಣ. ಪಾಪನಿವೇದನೆಯ ಸಂಸ್ಕಾರಕ್ಕೂ, ಅವರ ಮನೆಯ ಜಗುಲಿಗೂ ಹೋಗುವ ಧೈರ್ಯವನ್ನು ಶಿಲುಬೆಯ ಪ್ರಭು ನಮಗೆ ದಯಪಾಲಿಸಲಿ.